ಗ್ರಾಮಸಭೆಯ ನಡವಳಿ ಪುಸ್ತಕದಿಂದ ಶುರು ಮಾಡಿ

ಪ್ರಶ್ನೆ: ನಾನು ಕುಮಟಾ ತಾಲೂಕಿನವಳು. ಧಾರವಾಡದಲ್ಲಿ ರಾಜ್ಯಶಾಸ್ತ್ರ ಎಂ.ಎ. ಮುಗಿಸಿ ಈಗ ಇಲ್ಲೇ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಕಳೆದ ವರ್ಷ ಒಂದು ಸಂಸ್ಥೆಯವರು ನಮ್ಮೂರಲ್ಲಿ ಸರ್ವೆ ಮಾಡುವಾಗ ಇಪ್ಪತ್ತು ದಿನ ಅವರ ಜೊತೆ ತಿರುಗಿದೆ. ‘ನಾಗರಿಕ ಸಹಭಾಗಿತ್ವ’, ‘ಸಾಮಾಜಿಕ ಹೊಣೆಗಾರಿಕೆ’ ಅಂತೆಲ್ಲ ಅವರು ಮಾತಾಡುತ್ತಿದ್ದರು. ಆಡಳಿತದ ಮೇಲೆ ಸಂಶೋಧನೆ ಮಾಡುವುದನ್ನೇ ವೃತ್ತಿಯಾಗಿ ಇಟ್ಟುಕೊಂಡವರು ಇದ್ದಾರೆ ಎಂದು ಗೊತ್ತಾಗಿದ್ದೇ ಆಗ. ಆದರೆ ನಮ್ಮ ಪಂಚಾಯ್ತಿಯ ಗ್ರಾಮಸಭೆಗೆ ಮೂವತ್ತು ಜನ ಬಂದರೆ ಜಾಸ್ತಿ. ಜನರಿಗೇ ಆಸಕ್ತಿ ಇಲ್ಲದ ಮೇಲೆ ಇದರ ಬಗ್ಗೆ ಸಂಶೋಧನೆ ಮಾಡಿ ಏನು ಉಪಯೋಗ? ಏನು ಓದಬೇಕು, ಪಿಎಚ್‌.ಡಿ. ಬೇಕಾ, ಬೆಂಗಳೂರಿಗೇ ಹೋಗಬೇಕಾ? ಇದರಲ್ಲಿ ಹೊಟ್ಟೆ ತುಂಬುತ್ತದಾ ಸರ್?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಮನೆಯವರು ಕೇಳುವುದೂ ಅದನ್ನೇ ಅಲ್ವಾ. ಹೊಟ್ಟೆ ತುಂಬುತ್ತದೆ, ಆದರೆ ತಡವಾಗಿ. ಮೊದಲ ಐದಾರು ವರ್ಷ ಎಲ್ಲ ಗುತ್ತಿಗೆ ಕೆಲಸ. ಹನ್ನೊಂದು ತಿಂಗಳ ಒಂದು ಪ್ರಾಜೆಕ್ಟ್, ಅದು ಮುಗಿದ ಮೇಲೆ ಎರಡು ತಿಂಗಳು ಮನೆಯಲ್ಲಿ, ಆಮೇಲೆ ಇನ್ನೊಂದು. ನನ್ನ ಮದುವೆ ಮಾತುಕತೆಗೆ ಬಂದವರು ಹುಡುಗ ಏನು ಮಾಡುತ್ತಾನೆ ಎಂದು ಕೇಳಿದಾಗ ಅಪ್ಪ ‘ಪಂಚಾಯ್ತಿ ಲೆಕ್ಕ ನೋಡ್ತಾನೆ’ ಅಂದಿದ್ದರು. ಅವರು ನನ್ನನ್ನು ಪಂಚಾಯ್ತಿ ಸೆಕ್ರೆಟರಿ ಅಂತ ತಿಳಿದುಕೊಂಡರು. ಅಪ್ಪ ತಿದ್ದಲಿಲ್ಲ.

ಇನ್ನು ನಿಮ್ಮ ಪತ್ರದಲ್ಲಿ ನನಗೆ ಚುಚ್ಚಿದ ಮಾತಿಗೆ ಬರುತ್ತೇನೆ. ‘ಜನರಿಗೇ ಆಸಕ್ತಿ ಇಲ್ಲ’. ಈ ಕೆಲಸಕ್ಕೆ ಬರುವವರು ಮೊದಲು ಅನುಮಾನಿಸಬೇಕಾದ ವಾಕ್ಯ ಇದು. ನಾನೂ ಇದನ್ನೇ ನಂಬಿಕೊಂಡು ಎರಡು ವರ್ಷ ಕಳೆದವನು.

ಶಿರಸಿ, ಸಿದ್ದಾಪುರದ ಕಡೆಯ ಯಾವುದಾದರೂ ಅಡಿಕೆ ಸೊಸೈಟಿಯ ವಾರ್ಷಿಕ ಸಭೆಗೆ ಒಮ್ಮೆ ಹೋಗಿ ಕುಳಿತು ನೋಡಿ. ಬೆಳಿಗ್ಗೆ ಹತ್ತಕ್ಕೆ ಸಭೆ. ಒಂಬತ್ತೂವರೆಗೇ ಕುರ್ಚಿ ತುಂಬಿರುತ್ತದೆ. ಕೈಯಲ್ಲಿ ವಾರ್ಷಿಕ ವರದಿ, ಅದರಲ್ಲಿ ಪೆನ್ಸಿಲ್ ಗುರುತು. ಕಟ್ಟಡ ರಿಪೇರಿಗೆ ಹೋದ ವರ್ಷಕ್ಕಿಂತ ಖರ್ಚು ಯಾಕೆ ಜಾಸ್ತಿ, ಬಾಕಿ ಸಾಲ ಯಾರದ್ದು, ದಲಾಲಿ ಯಾಕೆ ಇಷ್ಟು ಅಂತ ಎಂಬತ್ತು ವರ್ಷದ ಅಜ್ಜ ಎದ್ದು ನಿಂತು ಪುಟದ ಸಂಖ್ಯೆ ಹೇಳಿ ಕೇಳುತ್ತಾರೆ. ವೇದಿಕೆ ಮೇಲಿನವರು ಬೆವರು ಒರೆಸಿಕೊಳ್ಳುತ್ತಾ ಉತ್ತರ ಕೊಡುತ್ತಾರೆ. ಉತ್ತರ ಸರಿಹೋಗದಿದ್ದರೆ ‘ಅದನ್ನು ನಡವಳಿಯಲ್ಲಿ ಬರೆಯಿರಿ’ ಎಂಬ ಕೂಗು. ಅದೇ ಅಜ್ಜ ತಮ್ಮ ಊರಿನ ಗ್ರಾಮಸಭೆಗೆ ಹೋಗುವುದಿಲ್ಲ. ಯಾಕೆ ಅಂತ ನಾನೊಬ್ಬರನ್ನು ಕೇಳಿದೆ. ‘ಅಲ್ಲಿ ಕೇಳಿದ್ದಕ್ಕೆ ಉತ್ತರ ಹೇಳುವವ ಬಂದಿರುವುದಿಲ್ಲ’ ಅಂದರು.

ಈ ವೃತ್ತಿಯಲ್ಲಿ ಇಷ್ಟು ವರ್ಷ ಓದಿದ ವರದಿಗಳಲ್ಲಿ ಹೊಣೆಗಾರಿಕೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ಸಿಕ್ಕಿಲ್ಲ. ಸೊಸೈಟಿಯಲ್ಲಿ ಉತ್ತರ ಹೇಳಬೇಕಾದವರು ಎದುರಿಗೇ ಇದ್ದಾರೆ. ಮುಂದಿನ ಚುನಾವಣೆಯಲ್ಲಿ ಅವರನ್ನು ಇಳಿಸುವ ಮತ ಅಜ್ಜನ ಕೈಯಲ್ಲಿದೆ. ಗ್ರಾಮಸಭೆಯಲ್ಲಿ ರಸ್ತೆಯ ಬಗ್ಗೆ ಕೇಳಿದರೆ ಅದು ಜಿಲ್ಲಾ ಪಂಚಾಯ್ತಿಯದ್ದು, ಕರೆಂಟಿನ ಬಗ್ಗೆ ಕೇಳಿದರೆ ಹೆಸ್ಕಾಂನವರು ಬಂದಿಲ್ಲ, ಜಾಗದ ಬಗ್ಗೆ ಕೇಳಿದರೆ ಅರಣ್ಯ ಇಲಾಖೆಯವರು ಗಾರ್ಡ್ ಒಬ್ಬರನ್ನು ಕಳಿಸಿದ್ದಾರೆ. ಮೂರು ಸಲ ಹೀಗಾದ ಮೇಲೆ ನೀವಾದರೂ ಹೋಗುತ್ತೀರಾ?

ಇನ್ನೊಂದು ಸಣ್ಣ ಕಾರಣ ಕರಾವಳಿಯದ್ದು. ಕುಮಟಾ ಕಡೆಯ ಒಂದು ಮೀನುಗಾರರ ಕೇರಿಯಲ್ಲಿ ಹೆಂಗಸರು ಯಾಕೆ ಸಭೆಗೆ ಬರುವುದಿಲ್ಲ ಎಂದು ಪತ್ತೆಮಾಡಲು ನಾನು ಹದಿನೆಂಟು ಪ್ರಶ್ನೆಗಳ ಫಾರಂ ಹಿಡಿದು ಹೋಗಿದ್ದೆ. ಅರಿವಿನ ಕೊರತೆಯೇ, ಗಂಡಸರ ಹೆದರಿಕೆಯೇ, ಜಾತಿಯೇ, ಹೀಗೆ ದೊಡ್ಡ ದೊಡ್ಡ ಪ್ರಶ್ನೆಗಳು. ಮೊದಲ ಮನೆಯ ಅಮ್ಮ ಫಾರಂ ನೋಡಿ ನಕ್ಕರು. ‘ಹನ್ನೊಂದ್ ಗಂಟೆಗೆ ಸಭೆ ಮಾಡ್ತ್ರಿ. ನನ್ ಬುಟ್ಟಿ ಮೀನ ನೀವ್ ತಕಂತ್ರಾ?’ ಅಂದರು. ಮೀನು ಮಾರುವವರು ಬುಟ್ಟಿ ಖಾಲಿ ಮಾಡಿ ಮನೆಗೆ ಬರುವ ಹೊತ್ತಿಗೆ ಮಧ್ಯಾಹ್ನ ದಾಟಿರುತ್ತದೆ. ಹಾಲಕ್ಕಿ ಹೆಂಗಸರು ತರಕಾರಿ ಹೊತ್ತು ಪೇಟೆಗೆ ಹೋಗುವುದೂ ಆ ಹೊತ್ತಿಗೇ. ಸಭೆಯ ಸಮಯ ಇಟ್ಟವರು ಆಫೀಸಿನ ಸಮಯ ನೋಡಿದ್ದರು. ನನ್ನ ಹದಿನೆಂಟು ಪ್ರಶ್ನೆಗಳಲ್ಲಿ ‘ಎಷ್ಟು ಗಂಟೆಗೆ’ ಎಂಬುದು ಇರಲೇ ಇಲ್ಲ.

ಹಾಗಾಗಿ ಜನರ ಅಭಿಪ್ರಾಯ ಒಟ್ಟುಮಾಡುವುದು ಈ ಕೆಲಸದ ಸುಲಭದ ಭಾಗ, ಅದನ್ನು ಯಾರು ಬೇಕಾದರೂ ಮಾಡಬಹುದು. ಹೊಣೆಗಾರಿಕೆಗೆ ಪುಸ್ತಕದಲ್ಲಿ ಉತ್ತರದಾಯಿತ್ವ ಎಂಬ ಶಬ್ದವೂ ಇದೆ. ಬಾಯಿಗೆ ಸ್ವಲ್ಪ ಭಾರ, ಆದರೆ ಅದರೊಳಗೇ ‘ಉತ್ತರ’ ಇದೆ ನೋಡಿ. ಕೇಳಿದ ಪ್ರಶ್ನೆ ಯಾವ ಮೇಜಿಗೆ ಹೋಯಿತು, ಅಲ್ಲಿ ಎಷ್ಟು ದಿನ ಕುಳಿತಿತ್ತು, ಉತ್ತರ ಕೊಡಲೇಬೇಕಾದ ವ್ಯಕ್ತಿ ಯಾರು, ಕೊಡದಿದ್ದರೆ ಅವರಿಗೆ ಏನಾಗುತ್ತದೆ. ಸಂಶೋಧಕರು ಬೆನ್ನು ಹತ್ತಬೇಕಾದ್ದು ಇದನ್ನು.

ಇದು ಹೊರಗಿನಿಂದ ಬಂದ ವಿದ್ಯೆ ಅಂತ ಅಂದುಕೊಳ್ಳಬೇಡಿ. ಬೇಡ್ತಿ ನದಿಗೆ ಜಲವಿದ್ಯುತ್ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ನಮ್ಮ ಘಟ್ಟದ ಮೇಲಿನ ಅಡಿಕೆ ಬೆಳೆಗಾರರು ಬರೀ ಮೆರವಣಿಗೆ ಮಾಡಿ ಸುಮ್ಮನಾಗಲಿಲ್ಲ. 1981ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ, ಅಂದರೆ ನಾವು ಟಿಎಸ್‌ಎಸ್ ಅನ್ನುತ್ತೇವಲ್ಲ, ಅದು ವಿಜ್ಞಾನಿಗಳನ್ನು, ಅರ್ಥಶಾಸ್ತ್ರದವರನ್ನು, ಯೋಜನೆಯ ಪರ ಇರುವವರನ್ನು ಕರೆದು ವಿಚಾರ ಸಂಕಿರಣ ಮಾಡಿತು. ಮುಳುಗುವ ಕಾಡು, ತೋಟಕ್ಕೆ ಬೆಲೆ ಹಾಕಿದ್ದೀರಾ, ಹಾಕಿದ್ದರೆ ಎಷ್ಟು ಅಂತ ಸರ್ಕಾರದ ಲಾಭ-ನಷ್ಟದ ಲೆಕ್ಕವನ್ನೇ ತೆಗೆದು ಎದುರಿಗಿಟ್ಟರು. ಯೋಜನೆ ನಿಂತಿತು. ‘ಸೋಷಿಯಲ್ ಆಡಿಟ್’, ಅಂದರೆ ಸರ್ಕಾರದ ಲೆಕ್ಕವನ್ನು ಜನರೇ ಪರಿಶೀಲಿಸುವುದು, ಎಂಬ ಮಾತು ಆಗ ಈ ಕಡೆ ಯಾರ ಬಾಯಲ್ಲೂ ಇರಲಿಲ್ಲ. ಅದಾದ ಎರಡು ವರ್ಷಕ್ಕೆ, 1983ರ ಸೆಪ್ಟೆಂಬರ್‌ನಲ್ಲಿ, ಸಾಲ್ಕಣಿಯ ಜನ ಕಳಸೆ ಕಾಡಿನಲ್ಲಿ ಕಡಿಯಲು ಬಿಡದೆ ಮರ ಅಪ್ಪಿಕೊಂಡ ಸುದ್ದಿ ದೇಶಕ್ಕೆಲ್ಲ ಗೊತ್ತು. ಸಂಕಿರಣದ ಸುದ್ದಿ ಅಷ್ಟು ಜನರಿಗೆ ಗೊತ್ತಿಲ್ಲ. ಲೆಕ್ಕಪತ್ರಕ್ಕೆ ಫೋಟೊ ಚೆನ್ನಾಗಿ ಬರುವುದಿಲ್ಲ.

ನೀವು ಈ ಕ್ಷೇತ್ರದಲ್ಲಿ ಎಲ್ಲಿ ಹೋದರೂ ಎರಡು ಕಥೆ ಕೇಳುತ್ತೀರಿ, ಈಗಲೇ ತಿಳಿದುಕೊಂಡಿರಿ. ಒಂದು ರಾಜಸ್ಥಾನದ್ದು. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮತ್ತು ಹಳ್ಳಿಯ ಜನ ಸೇರಿ 1990ರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಕಟ್ಟಿದರು. 1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾನಾ ಎಂಬ ಊರಲ್ಲಿ ಕಾಮಗಾರಿಯ ಬಿಲ್ಲು, ಹಾಜರಿ ಪಟ್ಟಿಗಳನ್ನು ಜನರ ಎದುರು ಗಟ್ಟಿಯಾಗಿ ಓದಿದರು. ಅದೇ ಮೊದಲ ‘ಜನ್ ಸುನ್‌ವಾಯಿ’, ಅಂದರೆ ಜನರ ಎದುರಿನ ವಿಚಾರಣೆ. ಹಾಗೆ ಓದಲು ಕಾಗದ ಸಿಗಬೇಕಲ್ಲ, ಆ ಹಟದಿಂದಲೇ ಮಾಹಿತಿ ಹಕ್ಕಿನ ಹೋರಾಟ ಬೆಳೆಯಿತು. ಕರ್ನಾಟಕ 2000ದಲ್ಲೇ ತನ್ನದೇ ಕಾಯ್ದೆ ಮಾಡಿಕೊಂಡಿತ್ತು. ದೇಶದ ಕಾಯ್ದೆ 2005ರ ಅಕ್ಟೋಬರ್ 12ಕ್ಕೆ ಜಾರಿಗೆ ಬಂತು. ಇನ್ನೊಂದು ಕಥೆ ಬೆಂಗಳೂರಿನದ್ದು. ಸ್ಯಾಮ್ಯುಯಲ್ ಪಾಲ್ ಮತ್ತು ಸಂಗಡಿಗರು 1994ರಲ್ಲಿ ನೀರು, ವಿದ್ಯುತ್, ಫೋನು ಕೊಡುವ ಸಂಸ್ಥೆಗಳಿಗೆ ಜನರಿಂದಲೇ ಅಂಕ ಹಾಕಿಸಿದರು, ಮಕ್ಕಳಿಗೆ ಮಾರ್ಕ್ಸ್ ಕಾರ್ಡ್ ಕೊಟ್ಟ ಹಾಗೆ. ಅದನ್ನೇ 1999ರಲ್ಲಿ, 2003ರಲ್ಲಿ ಮತ್ತೆ ಮಾಡಿದರು. ನನ್ನ ಮಟ್ಟಿಗೆ ದೊಡ್ಡ ಸಂಗತಿ ಈ ‘ಮತ್ತೆ’ ಎಂಬುದು. ಒಂದು ಸಲ ಅಂಕ ಹಾಕಿ ಪತ್ರಿಕಾಗೋಷ್ಠಿ ಮಾಡುವವರು ಬೇಕಾದಷ್ಟು ಜನ ಇದ್ದಾರೆ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೋರ್ಸುಗಳಲ್ಲಿ ಇದನ್ನು ಹೇಳಿಕೊಡುವುದು ಕಡಿಮೆ.

ಉದ್ಯೋಗ ಖಾತ್ರಿ ನಮ್ಮ ಜಿಲ್ಲೆಗೆ 2008ರಲ್ಲಿ ಬಂತು. ಅದಾಗಿ ಒಂದೆರಡು ವರ್ಷಕ್ಕೆ ಅಂಕೋಲಾ ತಾಲೂಕಿನ ಒಂದು ಪಂಚಾಯ್ತಿಯಲ್ಲಿ ನಾನು ಕೆರೆ ಹೂಳೆತ್ತಿದ ಕೆಲಸದ ಎನ್‌ಎಂಆರ್, ಅಂದರೆ ಹಾಜರಿ ಪಟ್ಟಿ, ಹಿಡಿದುಕೊಂಡು ಮನೆಮನೆಗೆ ಹೋಗುತ್ತಿದ್ದೆ. ಉದ್ಯೋಗ ಖಾತ್ರಿಯ 2005ರ ಕಾಯ್ದೆಯ 17ನೇ ಕಲಮಿನಲ್ಲೇ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಗೆ ವಹಿಸಿತ್ತು. ಆದರೆ ಆಗ ಅದು ನಮ್ಮ ಕಡೆ ಇನ್ನೂ ಹೊಸದು. ಒಂದು ಮನೆಯ ಜಗಲಿಯಲ್ಲಿ ಕುಳಿತು ಪಟ್ಟಿ ಓದಿದೆ. ಹೆಸರು, ದಿನ, ಹಾಜರಿ. ಒಂದು ತಾರೀಕು ಬಂದಾಗ ಆ ಮನೆಯ ಅಕ್ಕ ಕೈ ಎತ್ತಿ ನಿಲ್ಲಿಸಿದಳು.

‘ತಮಾ, ಅವತ್ತ್ ಬಂಡಿಹಬ್ಬ. ಬಂಡಿಹಬ್ಬದ ದಿವ್ಸ ಯಾರಾದ್ರೂ ಮಣ್ಣ ಹೊರೂಕೆ ಹೋತ್ರಾ?’

ಅಂಕೋಲೆಯಲ್ಲಿ ಬಂಡಿಹಬ್ಬ ಅಂದರೆ ಊರಿಗೇ ಹಬ್ಬ, ನಿಮಗೆ ಹೇಳಬೇಕಿಲ್ಲ. ಅವತ್ತು ಹದಿನಾಲ್ಕು ಜನ ಕೆರೆಯಲ್ಲಿ ಬುಟ್ಟಿ ಹೊತ್ತಿದ್ದಾರೆ ಎಂದು ಕಾಗದ ಹೇಳುತ್ತಿತ್ತು. ನನಗೆ ರೋಮಾಂಚನ. ಮೇಲಿನ ಕಚೇರಿಯ ಯಾವ ಲೆಕ್ಕಿಗನಿಗೂ ಸಿಗದ ಕಳ್ಳತನ ಜಗಲಿಯ ಮೇಲೆ ಸಿಕ್ಕಿತ್ತು. ರಾತ್ರಿಯೇ ‘ಸುಳ್ಳು ಹಾಜರಿ’ ಅಂತ ದಪ್ಪ ಅಕ್ಷರದಲ್ಲಿ ಬರೆದೆ. ಹದಿನಾಲ್ಕೂ ಹೆಸರು ಹಾಕಿದೆ. ಸಾಕ್ಷಿ ಹೇಳಿದವಳ ಹೆಸರನ್ನೂ ಅನುಬಂಧದಲ್ಲಿ ಹಾಕಿದೆ. ಆಗ ಅದು ಪಾರದರ್ಶಕತೆ ಅನ್ನಿಸಿತ್ತು.

ಆಮೇಲೆ ತಿಳಿದದ್ದು ಹೀಗೆ. ಆ ಹದಿನಾಲ್ಕರಲ್ಲಿ ಹನ್ನೆರಡು ಜನ ನಿಜವಾಗಿಯೂ ಕೆಲಸ ಮಾಡಿದ್ದರು, ಹಬ್ಬಕ್ಕೆ ಮುಂಚೆ. ಎನ್‌ಎಂಆರ್ ತಾಲೂಕಿನಿಂದ ತಡವಾಗಿ ಬಂದಿತ್ತು. ಮಾಡಿದ ಕೆಲಸವನ್ನು ಮೇಟ್, ಅಂದರೆ ಕೂಲಿಯವರ ಉಸ್ತುವಾರಿ, ಮುಂದಿನ ದಿನಗಳಿಗೆ ಹೊಂದಿಸಿ ಬರೆದಿದ್ದ. ಅದು ತಪ್ಪೇ, ಆದರೆ ಕೂಲಿ ಕೂಲಿಯವರಿಗೇ ಹೋಗಿತ್ತು. ಉಳಿದ ಇಬ್ಬರ ಪೈಕಿ ಒಬ್ಬ ಆರು ತಿಂಗಳಿಂದ ಗೋವಾದಲ್ಲಿ ದುಡಿಯುತ್ತಿದ್ದ, ಇನ್ನೊಬ್ಬರು ಕೆರೆಯ ಹತ್ತಿರ ಸುಳಿದವರೂ ಅಲ್ಲ. ಕಳ್ಳತನ ಇದ್ದಿದ್ದು ಆ ಎರಡು ಹೆಸರಿನಲ್ಲಿ. ನಾನು ಮೇಟ್‌ನ ತಪ್ಪನ್ನೂ ಈ ಕಳ್ಳತನವನ್ನೂ ಒಂದೇ ಚೀಲಕ್ಕೆ ತುಂಬಿದ್ದೆ. ಸಭೆಯಲ್ಲಿ ಹನ್ನೆರಡು ಜನ ಎದ್ದು ‘ನಾವು ದುಡಿದದ್ದು ಸುಳ್ಳಾ’ ಅಂತ ನನ್ನ ಮೇಲೇ ತಿರುಗಿದರು. ವರದಿಯನ್ನು ಪೂರ್ತಿ ತಳ್ಳಿಹಾಕಿದರು. ಇಬ್ಬರ ಹೆಸರಲ್ಲಿ ಹಣ ತಿಂದವರು ಆರಾಮಾಗಿ ಪಾರಾದರು.

ಮುಂದಿನ ಬೇಸಿಗೆಯಲ್ಲಿ ಆ ಅಕ್ಕನನ್ನು ಕೆಲಸಕ್ಕೆ ಕರೆಯಲಿಲ್ಲ. ಗೊತ್ತಾಗಿ ನಾನು ಅವಳ ಮನೆಗೆ ಹೋದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಕಷಾಯ ಕೊಟ್ಟಳು. ಲೋಟ ವಾಪಸು ತೆಗೆದುಕೊಳ್ಳುವಾಗ, ‘ನೀ ಬರ್ಕಂಡ್ ಹೋದೆ. ನಾ ಇಲ್ಲೇ ಇರ್ಬೇಕಲಾ ತಮಾ’ ಅಂದಳು. ಅಷ್ಟೇ.

ಅಂದಿನಿಂದ ಎರಡು ರೂಢಿ ಮಾಡಿಕೊಂಡಿದ್ದೇನೆ. ಜನ ಹೇಳಿದ್ದಕ್ಕೂ ಕಾಗದ ಹೇಳಿದ್ದಕ್ಕೂ ತಾಳೆಯಾಗದಿದ್ದರೆ, ಕಾಗದ ಬರೆದವರ ಹತ್ತಿರವೂ ಹೋಗಿ ‘ಇದು ಹೀಗ್ಯಾಕೆ’ ಎಂದು ಕೇಳುತ್ತೇನೆ, ಕಳ್ಳನನ್ನು ಹಿಡಿಯುವ ಧಾಟಿಯಲ್ಲಿ ಅಲ್ಲ. ಪಿಡಿಒಗಳು (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗಳು), ಬಿಲ್ ಕಲೆಕ್ಟರುಗಳು, ಡೇಟಾ ಎಂಟ್ರಿ ಹುಡುಗಿಯರು ಹೇಳುವಷ್ಟು ಸತ್ಯ ನಿಮಗೆ ಬೇರೆಲ್ಲೂ ಸಿಗುವುದಿಲ್ಲ. ಅವರನ್ನು ಯಾರೂ ಕೂರಿಸಿ ಕೇಳಿರುವುದಿಲ್ಲ ನೋಡಿ. ಇನ್ನೊಂದು, ಮಾಹಿತಿ ಕೊಟ್ಟವರ ಹೆಸರು ನನ್ನ ಡೈರಿಯಲ್ಲೂ ಇರುವುದಿಲ್ಲ. ಮನೆಗೊಂದು ಸಂಖ್ಯೆ, ಸಂಖ್ಯೆಯ ಪಟ್ಟಿ ಬೇರೆ ಕಡೆ. ಕಾಲೇಜಿನಲ್ಲಿ ಇದಕ್ಕೆ ಸಂಶೋಧನಾ ನೀತಿ ಅಂತ ಒಂದು ಪುಟದ ಫಾರಂ ಇರುತ್ತದೆ. ಫಾರಂ ಸಹಿ ಮಾಡಿದರೆ ಮುಗಿಯಿತು ಅಂತ ಯಾರಾದರೂ ಹೇಳಿದರೆ ಆ ಅಕ್ಕನನ್ನು ನೆನಪಿಸಿಕೊಳ್ಳಿ.

ಇದರಿಂದ ಏನಾದರೂ ಬದಲಾಗುತ್ತದಾ ಎಂದು ಕೇಳಿದ್ದೀರಿ. ಕೆಲವೊಮ್ಮೆ. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಒಂದು ದೊಡ್ಡ ಅಧ್ಯಯನ ನಡೆದಿತ್ತು, 2010ರಲ್ಲಿ ಪ್ರಕಟವಾಯಿತು. ಹಳ್ಳಿಯ ಶಿಕ್ಷಣ ಸಮಿತಿಗಳ ಬಗ್ಗೆ ಸಭೆ ಕರೆದು ಜನರಿಗೆ ತಿಳಿಹೇಳಿದರು. ಶಾಲೆಯಲ್ಲಿ ಏನೂ ಬದಲಾಗಲಿಲ್ಲ. ಸಮಿತಿಯ ಕೆಲವು ಸದಸ್ಯರಿಗೆ ತಾವು ಸದಸ್ಯರು ಅನ್ನುವುದೇ ಗೊತ್ತಿರಲಿಲ್ಲ! ಅದೇ ಊರಿನ ಹುಡುಗರಿಗೆ ತರಬೇತಿ ಕೊಟ್ಟು ಶಾಲೆಯ ಹೊರಗೆ ಓದು ಕಲಿಸುವ ತರಗತಿ ನಡೆಸಿದಾಗ, ಅದಕ್ಕೆ ಬಂದ ಮಕ್ಕಳ ಓದು ಸುಧಾರಿಸಿತು. ಉಗಾಂಡಾದಲ್ಲಿ ಆಸ್ಪತ್ರೆಯ ಸಿಬ್ಬಂದಿಯನ್ನೂ ಊರವರನ್ನೂ ಎದುರುಬದುರು ಕೂರಿಸಿದ್ದರಿಂದ ಮಕ್ಕಳ ಸಾವು ಬಹಳ ಕಡಿಮೆಯಾಯಿತು ಎಂದು 2009ರಲ್ಲಿ ಬಂದ ಅಧ್ಯಯನ ಜಗತ್ತಿನಲ್ಲೆಲ್ಲ ಸುದ್ದಿ ಮಾಡಿತ್ತು. ಅದೇ ದೇಶದಲ್ಲಿ ಆಮೇಲೆ ಇನ್ನೂ ದೊಡ್ಡದಾಗಿ ಮಾಡಿ ನೋಡಿದಾಗ ಆ ಫಲ ಕಾಣಲಿಲ್ಲ. ಜೊನಾಥನ್ ಫಾಕ್ಸ್ ಎಂಬುವರು 2015ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರು. ಬರೀ ಮಾಹಿತಿ ಹಂಚಿದ ಕಡೆ ಫಲ ಕಡಿಮೆ. ಜನರ ಮಾತಿನ ಜೊತೆಗೆ ಸರ್ಕಾರದ ಒಳಗಿಂದಲೂ ಉತ್ತರ ಕೊಡುವ ಒತ್ತಡ ಇದ್ದ ಕಡೆ ಫಲ ಚೆನ್ನಾಗಿದೆ ಎಂಬುದು ಅವರಿಗೆ ಕಂಡದ್ದು. ಸೊಸೈಟಿಯ ಅಜ್ಜ ಹೇಳಿದ್ದೂ ಹೆಚ್ಚುಕಡಿಮೆ ಅದೇ.

ನಮ್ಮಲ್ಲಿ ಉತ್ತರಕ್ಕೆ ಕಟ್ಟುಹಾಕುವ ವ್ಯವಸ್ಥೆಗಳು ಕಾಗದದ ಮೇಲೆ ಬೇಕಾದಷ್ಟಿವೆ, ಅದು ನಿಮ್ಮ ಅದೃಷ್ಟ. 2004ರ ನಿಯಮದ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತಿಯಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯಬೇಕು, ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದೆ ಬಿಚ್ಚಬೇಕು. ಸಕಾಲ ಕಾಯ್ದೆ 2011ರದ್ದು, 2012ರ ಏಪ್ರಿಲ್‌ನಿಂದ ಇಡೀ ರಾಜ್ಯದಲ್ಲಿದೆ. ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ, ಅದೂ ತಪ್ಪು ಮಾಡಿದ ಅಧಿಕಾರಿಯ ಸಂಬಳದಿಂದ. ಆ ಇಪ್ಪತ್ತು ರೂಪಾಯಿ ಕೈಯಲ್ಲಿ ಹಿಡಿದ ಒಬ್ಬರನ್ನು ನಿಮ್ಮ ತಾಲೂಕಿನಲ್ಲಿ ಹುಡುಕಿ. ಸಿಕ್ಕರೆ ಅವರ ಕಥೆ, ಸಿಗದಿದ್ದರೆ ಯಾಕೆ ಸಿಗಲಿಲ್ಲ ಎಂಬ ಕಥೆ, ಎರಡರಲ್ಲಿ ಯಾವುದಾದರೂ ಒಳ್ಳೆಯ ಪ್ರಬಂಧ.

ಅರಣ್ಯ ಹಕ್ಕು ಇನ್ನೊಂದು. ನಮ್ಮ ಜಿಲ್ಲೆಯಲ್ಲಿ ಅತಿಕ್ರಮಣದ ಮಾತು ಬರದ ಮನೆ ಯಾವುದಿದೆ? 2006ರ ಕಾಯ್ದೆಯಲ್ಲಿ ಹಕ್ಕಿನ ಪ್ರಕ್ರಿಯೆ ಶುರುವಾಗುವುದೇ ಗ್ರಾಮಸಭೆಯಿಂದ. ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸಕ್ಕೆ ಸಾಕ್ಷಿ ಕೊಡಬೇಕು. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರೆದು ಅರ್ಜಿದಾರರಿಗೆ ತಿಳಿಸಬೇಕು. ಆ ತಿರಸ್ಕಾರದ ಪತ್ರಗಳನ್ನು ಕೈಯಲ್ಲಿ ಹಿಡಿದು ಓದಿದ ಸಂಶೋಧಕರು ಎಷ್ಟು ಜನ ಇದ್ದಾರು? ಅರ್ಜಿಗಳ ಸಂಖ್ಯೆ ಎಣಿಸಿದವರು ತುಂಬ.

ದೊಡ್ಡ ಯೋಜನೆಗಳ ಸಾರ್ವಜನಿಕ ಅಹವಾಲು ಸಭೆಗಳನ್ನಂತೂ ನಮ್ಮ ಜಿಲ್ಲೆಯವರು ಅರೆದು ಕುಡಿದಿದ್ದೇವೆ. 2018ರ ಡಿಸೆಂಬರ್‌ನಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರದ 5 ಮತ್ತು 6ನೇ ಘಟಕಗಳಿಗೆ ನಡೆದದ್ದು ನಿಮಗೂ ನೆನಪಿರಬಹುದು. ಪೆಂಡಾಲು, ಪೊಲೀಸರು, ಮೈಕಿಗಾಗಿ ಜಗಳ, ಪತ್ರಿಕೆಯಲ್ಲಿ ಮರುದಿನ ‘ತೀವ್ರ ವಿರೋಧ’ ಎಂಬ ತಲೆಬರಹ. ಅಲ್ಲಿಗೆ ಎಲ್ಲರೂ ಮನೆಗೆ ಹೋಗುತ್ತಾರೆ. ಆದರೆ 2006ರ ಪರಿಸರ ಅಧಿಸೂಚನೆ ಓದಿ. ಸಭೆಗೆ ಕನಿಷ್ಠ 30 ದಿನ ಮುಂಚೆ ನೋಟಿಸ್ ಕೊಡಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಇರಬೇಕು. ಗ್ರಾಮಸಭೆಗೆ ಇರುವ ಹಾಗೆ ಇದಕ್ಕೆ ಕೋರಂ ಇಲ್ಲ, ಎಷ್ಟೇ ಜನ ಬಂದರೂ ಸಭೆ ಸಭೆಯೇ. ಕೊನೆಯಲ್ಲಿ, ಯಾರು ಏನು ಹೇಳಿದರು ಎಂಬುದರ ಸಾರಾಂಶವನ್ನು ಅಲ್ಲೇ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಆ ಹೊತ್ತಿಗೆ ಪೆಂಡಾಲಿನಲ್ಲಿ ಉಳಿದಿರುವವರು ಬಾಡಿಗೆ ಕುರ್ಚಿಯವರು. ಅದಾದ ಮೇಲೆ ಯೋಜನೆಯವರು ಜನರ ಆಕ್ಷೇಪಗಳಿಗೆ ಉತ್ತರ ಸೇರಿಸಿ ಅಂತಿಮ ವರದಿ ಕೊಡಬೇಕು. ಒಂದು ಕಡೆ ಸಭೆಯ ನಡವಳಿ, ಇನ್ನೊಂದು ಕಡೆ ಅಂತಿಮ ವರದಿ ಇಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿ. ಮೀನುಗಾರ ಕೇಳಿದ್ದು ‘ನನ್ನ ದೋಣಿ ಎಲ್ಲಿ ನಿಲ್ಲಿಸಲಿ’. ಉತ್ತರದ ಕಾಲಂನಲ್ಲಿ ಇರುವುದು ‘ಗಮನಿಸಲಾಗಿದೆ’. ಇಂಥ ‘ಗಮನಿಸಲಾಗಿದೆ’ ಎಷ್ಟಿವೆ ಎಣಿಸಿ. ಒಳ್ಳೆಯ ಸಂಶೋಧನೆಗೆ ಅಮೆರಿಕದ ಸಿದ್ಧಾಂತವೇ ಬೇಕೆಂದಿಲ್ಲ.

ಓದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮ್ಮ ಎಂ.ಎ. ಸಾಕು. ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇದೆ, ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬ್ ಹೆಸರಿನ ತರಬೇತಿ ಸಂಸ್ಥೆ ಇದೆ. ಸಂಶೋಧನಾ ಸಂಸ್ಥೆಗಳಲ್ಲಿ ಧಾರವಾಡದ ಸಿಎಂಡಿಆರ್, ಬೆಂಗಳೂರಿನ ಐಸೆಕ್ ನೀವು ಕೇಳಿರುವ ಹೆಸರುಗಳೇ. ರಾಜ್ಯದ ಸಾಮಾಜಿಕ ಪರಿಶೋಧನಾ ನಿರ್ದೇಶನಾಲಯ ತಾಲೂಕು ಮಟ್ಟದವರೆಗೂ ಜನರನ್ನು ತೆಗೆದುಕೊಳ್ಳುತ್ತದೆ, ಗುತ್ತಿಗೆ ಮೇಲೆ. ಸಂಬಳಕ್ಕಿಂತ ಅಲ್ಲಿ ಕಲಿಯುವುದು ಜಾಸ್ತಿ. ಪಿಎಚ್‌.ಡಿ. ಬೇಕಾಗುವುದು ವಿಶ್ವವಿದ್ಯಾಲಯದಲ್ಲಿ ಕೆಲಸ ಬೇಕಾದರೆ, ಅಥವಾ ಒಂದೇ ಪ್ರಶ್ನೆ ನಾಲ್ಕು ವರ್ಷ ನಿಮ್ಮನ್ನು ನಿದ್ದೆ ಮಾಡಲು ಬಿಡದಿದ್ದರೆ. ಎರಡೂ ಇಲ್ಲದಿದ್ದರೆ ಈಗಲೇ ಬೇಡ. ನಾನು ಮಾಡಿದ್ದು ಕೆಲಸಕ್ಕೆ ಸೇರಿ ಒಂಬತ್ತು ವರ್ಷದ ಮೇಲೆ.

ಬೆಂಗಳೂರಿಗೆ ಎರಡು ಮೂರು ವರ್ಷ ಹೋಗಿ ಬನ್ನಿ, ಅದರಲ್ಲಿ ನಾಚಿಕೆ ಏನಿಲ್ಲ. ಹಣ ಕೊಡುವವರು ಅಲ್ಲಿದ್ದಾರೆ, ವರದಿ ಬರೆಯುವ ಶಿಸ್ತು ಅಲ್ಲಿ ಬರುತ್ತದೆ. ಇಂಗ್ಲಿಷ್ ಬೇಕೇ ಬೇಕು, ಆದರೆ ಭಾಷಣ ಮಾಡುವಷ್ಟಲ್ಲ, ಮೂವತ್ತು ಪುಟ ತಪ್ಪಿಲ್ಲದೆ ಬರೆಯುವಷ್ಟು. ಅಂಕಿಅಂಶಕ್ಕೆ ಹೆದರಬೇಡಿ, ಎಕ್ಸೆಲ್ ಸರಿಯಾಗಿ ಬಂದರೆ ಮುಕ್ಕಾಲು ಕೆಲಸ ಆಗುತ್ತದೆ. ಅದಕ್ಕಿಂತ ಮುಖ್ಯ, ಸುತ್ತೋಲೆ ಓದಲು ಕಲಿಯಿರಿ. 2021-26ರ ಹದಿನೈದನೇ ಹಣಕಾಸು ಆಯೋಗದ ಹಣದಲ್ಲಿ ನೀರು-ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದು ಶೇ. 60, ಪಂಚಾಯ್ತಿ ತನ್ನಿಷ್ಟದಂತೆ ಬಳಸಬಹುದಾದದ್ದು ಶೇ. 40 ಎಂಬುದು ಗೊತ್ತಿಲ್ಲದೆ ‘ಪಂಚಾಯ್ತಿ ರಸ್ತೆ ಮಾಡಲಿಲ್ಲ’ ಎಂದು ವರದಿ ಬರೆದವರನ್ನು ನಾನು ನೋಡಿದ್ದೇನೆ.

ನಿಮ್ಮ ಹತ್ತಿರ ಇರುವ, ಬೆಂಗಳೂರಿನವರ ಹತ್ತಿರ ಇಲ್ಲದ ಬಂಡವಾಳ ಒಂದಿದೆ. ಕಾರವಾರದಲ್ಲಿ ಕೊಂಕಣಿ, ಜೊಯಿಡಾದ ಕುಣಬಿಗಳ ಮಾತು, ಹಾಲಕ್ಕಿಗಳ ಮಾತು, ಭಟ್ಕಳದ ನವಾಯತಿ. ಎಲ್ಲವೂ ನಿಮಗೆ ಬರಬೇಕಂತಿಲ್ಲ. ಯಾರು ಯಾವ ಮಾತಿನಲ್ಲಿ ಬೈಯುತ್ತಾರೆ, ಯಾವುದರಲ್ಲಿ ಸುಮ್ಮನಾಗುತ್ತಾರೆ ಎಂಬುದು ತಿಳಿದರೂ ಸಾಕು.

ನೌಕರಿ ಬಿಡಬೇಡಿ ಇನ್ನೂ. ಮುಂದಿನ ರಜೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಪಂಚಾಯ್ತಿಯ ಕಳೆದ ಮೂರು ವರ್ಷದ ಗ್ರಾಮಸಭೆ ನಡವಳಿ ಪುಸ್ತಕ ಓದಿ. ಮೊದಲು ಸುಮ್ನೆ ಹೋಗಿ ಕೇಳಿ, ಪರಿಚಯದ ಮೇಲೆ ಕೊಟ್ಟರೂ ಕೊಟ್ಟಾರು. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 10 ರೂಪಾಯಿ, 30 ದಿನ. ನಕಲು ಕೇಳುವ ಬದಲು ಕಡತ ಪರಿಶೀಲನೆಗೆ ಅವಕಾಶ ಕೇಳಿ. ಕಾಯ್ದೆಯಲ್ಲಿ ಅದಕ್ಕೆ ಅವಕಾಶ ಇದೆ, ಜೆರಾಕ್ಸ್ ಖರ್ಚೂ ಉಳಿಯುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಗೆರೆ ಎಳೆದುಕೊಳ್ಳಿ. ಕೇಳಿದ್ದು ಏನು, ಯಾರಿಗೆ ಕಳಿಸಿದರು, ಉತ್ತರ ಯಾವಾಗ ಬಂತು, ಅದೇ ಬೇಡಿಕೆ ಮುಂದಿನ ಸಭೆಯಲ್ಲಿ ಮತ್ತೆ ಬಂತಾ. ಸಹಿಗಳನ್ನೂ ನೋಡಿ. ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ ನಲವತ್ತು ಸಹಿ ಇದ್ದರೆ ಅದನ್ನೂ ಬರೆದುಕೊಳ್ಳಿ, ಆದರೆ ತಕ್ಷಣ ‘ಸುಳ್ಳು ಸಹಿ’ ಅಂತ ಬರೆಯಬೇಡಿ. ಸ್ವಸಹಾಯ ಸಂಘದ ಹೆಂಗಸರಿಂದ ಬೆಳಿಗ್ಗೆಯೇ ಸಹಿ ಹಾಕಿಸಿಕೊಂಡು ಮನೆಗೆ ಕಳಿಸಿರಲೂಬಹುದು, ಅದು ಬೇರೆ ಥರದ ಸಂಗತಿ. ಹೋಗಿ ಕೇಳಿ.

ಅರ್ಜಿ ಬರೆದರೆ ಹಾಕುವ ಮುಂಚೆ ನನಗೊಮ್ಮೆ ಕಳಿಸಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಪ್ರಾಧ್ಯಾಪಕರು ಮೊದಲು ಎಡವುವುದು ಅಲ್ಲೇ.